ಚಾವಡಿಗೆ ಬಂದ ಸರಸ್ವತಿ

ಕನ್ನಡ ಕಾದಂಬರಿಯ ಪಿತಾಮಹರೆಂದು ಹೆಸರಾದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿದ ಸಂಗತಿಯನ್ನು ಹಾವೇರಿ ಸೀಮೆಯ ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಅವರು ವೃತ್ತಿಯಿಂದ ಶಾಲಾ ಮಾಸ್ತರರು. ಬರೆದವರು ಅವರು, ಕೊನೆಗೆ ಹೊರೆ ಹೊತ್ತು ಮಾರಿದವರೂ ಅವರೇ. ಓದುವವನು ಪುಸ್ತಕದ ಬಳಿಗೆ ಬಾರದಿದ್ದರೆ ಪುಸ್ತಕವೇ ಓದುವವನ ಬಾಗಿಲಿಗೆ ಹೋಗಬೇಕೆಂಬುದನ್ನು ಅವರು ನಡೆದೇ ತೋರಿಸಿದರು.

ಆದರೆ ಆ ಗಂಟಿನಲ್ಲಿದ್ದ ಪುಸ್ತಕಕ್ಕೆ ಬೆಲೆಯಿತ್ತು. ಕೊಳ್ಳಲು ಕಾಸು ಬೇಕು, ಓದಲು ಅಕ್ಷರ ಬೇಕು, ಎರಡೂ ಉಳ್ಳವರಿಗೆ ಬಿಡುವು ಬೇಕು. ಈ ಮೂರರಲ್ಲಿ ಒಂದಾದರೂ ಇಲ್ಲದವರೇ ಆಗ ಹೆಚ್ಚು. ಈಗಲೂ ಅಂಥವರು ಕಡಿಮೆಯೇನಲ್ಲ. ಅವರನ್ನು ಪುಸ್ತಕದ ಹತ್ತಿರಕ್ಕೆ ಕರೆತರುವ ಪ್ರಯತ್ನವೊಂದು ಕರ್ನಾಟಕದ ಹಳ್ಳಿಗಳಲ್ಲಿ ಕೆಲವು ವರ್ಷಗಳಿಂದ ನಡೆದಿದೆ. ಗಳಗನಾಥರ ನೆರೆಯ ತಾಲೂಕುಗಳಾದ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಗ್ರಾಮ ಪಂಚಾಯಿತಿಗಳೂ ಅದರಿಂದ ಹೊರತಲ್ಲ. ಪಂಚಾಯಿತಿಯ ಕಟ್ಟಡದಲ್ಲಿಯೋ, ಅದರ ಮಗ್ಗುಲಲ್ಲಿಯೋ ಇರುವ ಒಂದು ಕೋಣೆ. ಗೋಡೆಯ ಮೇಲೆ ಬಣ್ಣದ ಚಿತ್ರಗಳು. ಬಾಗಿಲ ಮೇಲೆ 'ಅರಿವು ಕೇಂದ್ರ' ಎಂಬ ಹೆಸರು. ಮೊದಲು ಇದನ್ನೇ ಜನರು ವಾಚನಾಲಯವೆಂದೂ ಲೈಬ್ರರಿಯೆಂದೂ ಕರೆಯುತ್ತಿದ್ದರು; ಈಗಲೂ ಕರೆಯುವುದು ಹಾಗೆಯೇ.

ಪಟ್ಟಣದ ವಾಚಕರಿಗೆ ಗ್ರಂಥಾಲಯವೆಂದೊಡನೆ ಕಣ್ಣಿಗೆ ಕಟ್ಟುವುದು 'ನಿಶ್ಶಬ್ದವಾಗಿರಿ' ಎಂಬ ಫಲಕ. ಹಳ್ಳಿಯ ಈ ಕೋಣೆಯಲ್ಲಿ ನಿಶ್ಶಬ್ದವನ್ನು ಹುಡುಕುವವರಿಗೆ ನಿರಾಶೆ ಕಟ್ಟಿಟ್ಟದ್ದು. ಶಾಲೆ ಬಿಟ್ಟೊಡನೆ ಪಾಟೀಚೀಲ ಹೆಗಲಲ್ಲಿರುವಂತೆಯೇ ಹುಡುಗರು ನುಗ್ಗುತ್ತಾರೆ. ಒಂದು ಮೂಲೆಯಲ್ಲಿ ಚದುರಂಗದ ಹಾಸು ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಮೂಲೆಯಲ್ಲಿ ಹತ್ತಾರು ಮಕ್ಕಳು ಅರ್ಧವೃತ್ತವಾಗಿ ಕೂತರೆ, ನಡುವೆ ಒಬ್ಬಳು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಾಳೆ. ಈ ಕಾರ್ಯಕ್ರಮದ ಹೆಸರೇ 'ಗಟ್ಟಿ ಓದು'. ರಸಪ್ರಶ್ನೆ, ಚಿತ್ರ ಬಿಡಿಸುವುದು, ಕಥೆ ಹೇಳುವುದು, ಸಂವಿಧಾನದ ಪೀಠಿಕೆಯನ್ನು ಎಲ್ಲರೂ ಕೂಡಿ ಓದುವುದು, ಬೇಸಿಗೆಯ ರಜೆಯಲ್ಲಿ ಶಿಬಿರ, ನವೆಂಬರ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ: ಹೀಗೆ ವರ್ಷವಿಡೀ ಏನಾದರೊಂದು ಇದ್ದೇ ಇರುತ್ತದೆ. ಇವಾವುದಕ್ಕೂ ಹಣ ಕೊಡಬೇಕಾದುದಿಲ್ಲ.

ಹಣ ಕೊಡಬೇಕಾದುದಿಲ್ಲವೆಂಬ ಮಾತನ್ನು ಸ್ವಲ್ಪ ತಡೆದು ನೋಡಬೇಕು. ಕರ್ನಾಟಕವು ಇನ್ನೂ ಮೈಸೂರು ರಾಜ್ಯವೆಂಬ ಹೆಸರಿನಲ್ಲಿದ್ದಾಗ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಅಂಗೀಕಾರವಾಯಿತು. ಗ್ರಂಥಾಲಯ ಶಾಸ್ತ್ರದ ಆಚಾರ್ಯರಾದ ಎಸ್. ಆರ್. ರಂಗನಾಥನ್ನರು ಆ ವೇಳೆಗೆ ಬೆಂಗಳೂರಿನಲ್ಲಿಯೇ ನೆಲೆಸಿದ್ದರು; ಇಂಥ ಕಾನೂನು ರಾಜ್ಯರಾಜ್ಯಗಳಲ್ಲಿಯೂ ಆಗಬೇಕೆಂದು ದಶಕಗಳಿಂದ ಹೋರಾಡಿದ್ದವರು ಅವರೇ. ಮನೆ-ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವೆಂದು ಒಂದು ಸಣ್ಣ ಪಾಲನ್ನು ವಸೂಲು ಮಾಡುವ ಪದ್ಧತಿ ಆ ಕಾನೂನಿನಿಂದ ಬಂದದ್ದು. ಈಗ ಅದು ಶೇಕಡಾ 6. ಆದ್ದರಿಂದ ಮನೆಪಟ್ಟಿ ತುಂಬಿದ ರೈತನಾಗಲಿ ಅಂಗಡಿಕಾರನಾಗಲಿ ತನಗರಿವಿಲ್ಲದಂತೆಯೇ ಈ ಕೋಣೆಯ ಚಂದಾದಾರನಾಗಿರುತ್ತಾನೆ. ಬಾಗಿಲಲ್ಲಿ ಸಂಕೋಚಪಡುತ್ತ ನಿಲ್ಲುವ ಮುದುಕನಿಗೆ ಯಾರಾದರೂ ಇದನ್ನು ಹೇಳಿದರೆ ಒಳ್ಳೆಯದು. ಆತನು ಬಿಟ್ಟಿ ಬಂದವನಲ್ಲ.

ಹಳ್ಳಿಯ ಗ್ರಂಥಾಲಯಗಳು ಬಹುಕಾಲ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಅಧೀನದಲ್ಲಿದ್ದುವು. 2019ರಲ್ಲಿ ರಾಜ್ಯದ 5,000ಕ್ಕೂ ಮಿಕ್ಕ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದುವು. ಮರುವರ್ಷವೇ ಕೋವಿಡ್ ಪಿಡುಗು ಬಂದು ಶಾಲೆಗಳು ಮುಚ್ಚಿದುವು. ಪಟ್ಟಣದ ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಆ ದಿನಗಳಲ್ಲಿ ಹಳ್ಳಿಯ ಮಕ್ಕಳು ದನ ಕಾಯುವುದಕ್ಕೂ ಹೊಲದ ಕೆಲಸಕ್ಕೂ ಹೊರಟರು. ಕೆಲವರು ಕಲಿತ ಅಕ್ಷರವನ್ನೇ ಮರೆಯತೊಡಗಿದರು. ಆಗ, 2020ರ ನವೆಂಬರ 14ರಂದು, 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಯಿತು. 6ರಿಂದ 18 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವೆಂದು ಸಾರಲಾಯಿತು. ಬೆಳಕೆಂಬ ಈ ಹೆಸರೂ ಹೊಸದೇನಲ್ಲ. ಹಿಂದಿನ ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ಆಗತಾನೆ ಅಕ್ಷರ ಕಲಿತವರಿಗಾಗಿ ಹೊರಡಿಸುತ್ತಿದ್ದ ಪತ್ರಿಕೆಗೂ 'ಬೆಳಕು' ಎಂದೇ ಹೆಸರಿತ್ತು.

ಇಷ್ಟು ಕಾಗದದ ಮೇಲಿನ ಚರಿತ್ರೆ. ಆದರೆ ಈ ಕಾರ್ಯಕ್ರಮಗಳು ನಿಜವಾಗಿ ಮಾಡಿದ ಕೆಲಸವೇನು?

ಹಳ್ಳಿಯ ವಾಚನಾಲಯದ ಬೆಂಚು ಬಹುಕಾಲದಿಂದ ಗಂಡಸರದು. ಬೆಳಗಿನ ಹೊತ್ತು ಪೇಪರು ಬರುತ್ತದೆ. ಒಬ್ಬರು ಮೊದಲ ಪುಟ, ಇನ್ನೊಬ್ಬರು ಕೊನೆಯ ಪುಟ ಹಂಚಿಕೊಳ್ಳುತ್ತಾರೆ. ಮಳೆ, ದರ, ಚುನಾವಣೆಗಳ ಚರ್ಚೆ ನಡೆಯುತ್ತದೆ. ಅಲ್ಲಿಗೆ ಹದಿನಾರು ವರ್ಷದ ಹುಡುಗಿ ಹೋಗುವಂತಿರಲಿಲ್ಲ. ಹೋಗಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೂ ಹೋಗುವಂತಿರಲಿಲ್ಲ. ಮನೆಯಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

"ಎಲ್ಲಿಗೆ ಹೊಂಟೀಯವ್ವಾ?"

"ಲೈಬ್ರರಿಗೆ, ಯವ್ವಾ. ಪುಸ್ತಕ ಓದಾಕ."

"ತಂದು ಮನ್ಯಾಗ ಕುಂತು ಓದು. ಅಲ್ಲೇನೈತಿ ನಿಂದು?"

"ಇವತ್ತು ಅಲ್ಲಿ ಕಾರ್ಯಕ್ರಮ ಐತಿ. ನಮ್ಮ ವಾರಿಗೆಯವರೆಲ್ಲಾ ಹೊಂಟಾರ."

ಈ ಕೊನೆಯ ಮಾತಿಗೆ ತಾಯಿಯ ಬಳಿ ಉತ್ತರವಿರುವುದಿಲ್ಲ. ಓದಲು ಹೋಗುವುದು ಒಬ್ಬಳ ಇಷ್ಟ; ಕಾರ್ಯಕ್ರಮಕ್ಕೆ ಹೋಗುವುದು ಊರಿನ ವ್ಯವಹಾರ. ಇಷ್ಟಕ್ಕೆ ಅಪ್ಪಣೆ ಸಿಗುವುದು ಕಷ್ಟ, ವ್ಯವಹಾರಕ್ಕೆ ಸುಲಭ. ಪಟ್ಟಣದಲ್ಲಿ ಕುಳಿತವರಿಗೆ ಗ್ರಂಥಾಲಯದ ಕಾರ್ಯಕ್ರಮಗಳು ಪುಸ್ತಕಕ್ಕೆ ಹಚ್ಚಿದ ಸಕ್ಕರೆಯ ಲೇಪದಂತೆ ಕಂಡಾವು. ಆದರೆ ಎಷ್ಟೋ ಹುಡುಗಿಯರಿಗೆ ಅದು ಹೊಸ್ತಿಲು ದಾಟುವ ಪರವಾನಗಿ. ಒಮ್ಮೆ ಒಳಗೆ ಬಂದು ಕೂತವಳು ಮರಳುವಾಗ ಸೆರಗಿನಲ್ಲಿಯೋ ಚೀಲದಲ್ಲಿಯೋ ಒಂದು ಪುಸ್ತಕ ಒಯ್ಯುತ್ತಾಳೆ. ಮನೆಯಲ್ಲಿ ಅದನ್ನು ತಾಯಿ ಓದಲಾರಳು. ಮಗಳು ಓದಿ ಹೇಳುತ್ತಾಳೆ. ಹೀಗೆ ಒಂದು ಸದಸ್ಯತ್ವದಲ್ಲಿ ಇಬ್ಬರು ಓದುಗರಾಗುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಒಬ್ಬಳ ಹೆಸರು ಮಾತ್ರ ಇರುತ್ತದೆ.

ಕೇಳಿ ಕಲಿಯುವುದೆಂದರೆ ಓದಿ ಕಲಿಯುವುದಕ್ಕಿಂತ ಕೆಳಗಿನ ಮೆಟ್ಟಿಲೆಂದು ಅಕ್ಷರಸ್ಥರ ಭಾವನೆ. ಈ ನಾಲ್ಕು ತಾಲೂಕುಗಳ ಮಟ್ಟಿಗೆ ಅದು ಶುದ್ಧ ತಪ್ಪು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಆ ಬಾಲಕನ ಕಂಠವನ್ನು ಗುರುತಿಸಿ ಆಶ್ರಯ ಕೊಡದಿದ್ದರೆ ಕನ್ನಡ ನಾಡಿನ ಸಂಗೀತದ ಇತಿಹಾಸವೇ ಬೇರೆಯಾಗುತ್ತಿತ್ತು. ಅದೇ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳೂ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡವರು; ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಗುರುವಿನ ತರುವಾಯ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿ ನೂರಾರು ಅಂಧ-ಅನಾಥ ಮಕ್ಕಳಿಗೆ ಅನ್ನ-ವಿದ್ಯೆಗಳನ್ನು ಕೊಟ್ಟರು, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಕೃತಿಗಳನ್ನು ರಚಿಸಿದರು, 2010ರಲ್ಲಿ ಲಿಂಗೈಕ್ಯರಾದರು. ಒಂದೇ ತಾಲೂಕಿನ ಇಬ್ಬರು ಮಹನೀಯರು ಕಿವಿಯೊಂದರಿಂದಲೇ ಇಷ್ಟು ವಿದ್ಯೆಯನ್ನು ಗಳಿಸಿದರೆಂಬುದನ್ನು ನೆನೆದಾಗ 'ಗಟ್ಟಿ ಓದು' ಎಂಬುದು ಮಕ್ಕಳಾಟವಾಗಿ ಕಾಣುವುದಿಲ್ಲ.

ಶಿಗ್ಗಾವಿಯ ಮಾತಂತೂ ಬೇರೆ ಹೇಳಬೇಕಾದುದಿಲ್ಲ. ಕನಕದಾಸರ ಬಾಡ ಅಲ್ಲಿಯದು. ಶರೀಫ ಸಾಹೇಬರ ಶಿಶುವಿನಹಾಳ ಅಲ್ಲಿಯದು. ಶರೀಫರು (1819–1889) ಕೆಲಕಾಲ ಶಾಲೆಯ ಮಾಸ್ತರಿಕೆ ಮಾಡಿದವರು. ಆದರೆ ಅವರ ತತ್ತ್ವಪದಗಳು ಶಾಲೆಯ ಪುಸ್ತಕದಿಂದ ಉಳಿದುಬಂದುವಲ್ಲ. ಏಕತಾರಿ ಹಿಡಿದ ಭಜನೆಯವರ ಬಾಯಿಂದ ಬಾಯಿಗೆ ಬಂದುವು. ಅಚ್ಚಿನ ಮನೆ ಕಂಡದ್ದು ಆಮೇಲೆ. ಹಿರೇಕೆರೂರಿನವರು ಸರ್ವಜ್ಞನನ್ನು ತಮ್ಮ ಅಬಲೂರಿನವನೆಂದು ಹೇಳಿಕೊಳ್ಳುತ್ತಾರೆ. ಆತನ ವಚನಗಳನ್ನು ಉತ್ತಂಗಿ ಚೆನ್ನಪ್ಪನವರು ಕಲೆಹಾಕಿ 1924ರಲ್ಲಿ ಪ್ರಕಟಿಸುವ ಮೊದಲೂ ಅವು ಒಕ್ಕಲಿಗರ ನಾಲಗೆಯ ಮೇಲೆ ಸುಖವಾಗಿಯೇ ಇದ್ದುವು. ಸವಣೂರು ಮಾತ್ರ 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರನ್ನು ಹೆತ್ತು, ಆಕ್ಸಫರ್ಡಿನವರೆಗೆ ಹೋದ ಪುಸ್ತಕಪಂಡಿತರೊಬ್ಬರನ್ನು ನಾಡಿಗೆ ಕೊಟ್ಟಿತು. ಅವರಿಗೆ ಜ್ಞಾನಪೀಠ ಬಂತು. ವೀಳ್ಯದೆಲೆಯ ತೋಟಗಳ ಊರಿನವರು ಇದನ್ನು ಎಲೆ ಮಡಿಚುತ್ತ ಇಂದಿಗೂ ಹೇಳುತ್ತಾರೆ.

ಶ್ರಾವಣ ಬಂದರೆ ಈ ಸೀಮೆಯ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಊರು ಕೂತು ಕೇಳುವುದು. ಅಕ್ಷರ ಬಾರದ ಅಜ್ಜಿಯೂ ಕಥೆಯ ಎಳೆ ತಪ್ಪಿದರೆ ನಡುವೆಯೇ ತಿದ್ದುತ್ತಾಳೆ. ಇಂಥ ಕೇಳುಗರಿರುವ ನೆಲದಲ್ಲಿ ಗ್ರಂಥಾಲಯವು ಬಾಯಿಬಿಟ್ಟು ಓದತೊಡಗಿದರೆ ಅದು ಹೊಸ ಪ್ರಯೋಗವಲ್ಲ, ಹಳೆಯ ವಾಡಿಕೆಗೆ ಹೊಸ ಮನೆ ಸಿಕ್ಕಂತೆ. ಒಂದು ಭೇದ ಮಾತ್ರ ಉಂಟು, ಅದು ಸಣ್ಣದಲ್ಲ: ಮಠದ ಪುರಾಣಕ್ಕೆ ಒಂದು ಮತದವರು ಹೆಚ್ಚಾಗಿ ಸೇರುತ್ತಾರೆ; ಪಂಚಾಯಿತಿಯ ಕೋಣೆಗೆ ಎಲ್ಲ ಓಣಿಯವರೂ ಬರಬಹುದು, ಒಂದೇ ಜಮಖಾನೆಯ ಮೇಲೆ ಕೂಡಬಹುದು. ಹಳ್ಳಿ ಬಲ್ಲವರಿಗೆ ಇದರ ಬೆಲೆ ಗೊತ್ತು.

ಗ್ರಂಥಾಲಯವು ಪುಸ್ತಕದ ಉಗ್ರಾಣ ಮಾತ್ರವಲ್ಲವೆಂಬ ವಿಚಾರ ದೇಶದಲ್ಲಿ ಮೊದಲೇ ಮೊಳೆತಿತ್ತು. ತಮಿಳುನಾಡಿನ ಮನ್ನಾರಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯ ಹೊರಟಿತು. ಅದನ್ನು ಉದ್ಘಾಟಿಸಿದವರು ರಂಗನಾಥನ್ನರೇ. ಸವಣೂರು ಸಂಸ್ಥಾನವನ್ನು ಬಿಟ್ಟರೆ ಈ ತಾಲೂಕುಗಳು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದುವು. 1939ರಲ್ಲಿ ಮುಂಬಯಿ ಸರಕಾರವು ಫೈಜಿಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ರಾಜಧಾನಿಯ ಗ್ರಂಥಾಲಯದಿಂದ ಮೊದಲ್ಗೊಂಡು ತಾಲೂಕು, ಹಳ್ಳಿಗಳವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಯೋಜನೆಯನ್ನು ಮುಂದಿಟ್ಟಿತು. ಆಮೇಲೆ 1951ರಲ್ಲಿ ಯುನೆಸ್ಕೋದ ನೆರವಿನಿಂದ ದಿಲ್ಲಿಯ ಸಾರ್ವಜನಿಕ ಗ್ರಂಥಾಲಯ ತೆರೆದಾಗ, ಅಲ್ಲಿ ಉಪನ್ಯಾಸ, ಚರ್ಚಾಕೂಟ, ನಾಟಕ, ಚಲಚ್ಚಿತ್ರ ಪ್ರದರ್ಶನಗಳಿಗೆಂದು ಒಂದು ವಿಭಾಗವನ್ನೇ ಇಟ್ಟರು. ಹೊಸದಾಗಿ ಅಕ್ಷರ ಕಲಿತ ಕೂಲಿಕಾರನು ನಾಟಕ ನೋಡಲು ಬಂದು ಪುಸ್ತಕ ಒಯ್ಯಲೆಂಬುದು ಅವರ ಎಣಿಕೆ. ದಿಲ್ಲಿಯ ಆ ಎಣಿಕೆಯು ಹಿರೇಕೆರೂರಿನ ಹಳ್ಳಿಯನ್ನು ಮುಟ್ಟಲು ಸುಮಾರು ಏಳು ದಶಕಗಳು ಹಿಡಿದುವು. ನಮ್ಮಲ್ಲಿ ಒಳ್ಳೆಯ ವಿಚಾರಗಳು ಕಾಲ್ನಡೆಯಲ್ಲಿಯೇ ಬರುತ್ತವೆ.

ಎಲ್ಲವೂ ಸುಸೂತ್ರವಾಗಿದೆಯೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಎಲ್ಲ ಕೇಂದ್ರಗಳೂ ಒಂದೇ ಮಟ್ಟದಲ್ಲಿಲ್ಲ. ಕೆಲವೆಡೆ ಕೋಣೆ ಬೆಳಕಾಗಿದೆ, ಗಣಕಯಂತ್ರವಿದೆ, ಮಕ್ಕಳ ಪುಸ್ತಕಗಳಿವೆ. ಕೆಲವೆಡೆ ಬೀಗವೇ ಹೆಚ್ಚು ಹೊತ್ತು ಕಾಣುತ್ತದೆ. ಸುಗ್ಗಿಯಲ್ಲಿ ಜನ ಬರುವುದಿಲ್ಲ. ಹತ್ತಿಯ ಬೀಜೋತ್ಪಾದನೆ ನಡೆಯುವ ಊರುಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಹಂಗಾಮು ಬಂದಾಗ ಹರೆಯದ ಹುಡುಗಿಯರು ಬೆಳಗಾಗುವುದರೊಳಗೆ ಹೊಲದಲ್ಲಿರುತ್ತಾರೆ. ಸಂಜೆ ಬಂದು ಕಥೆ ಕೇಳುವಷ್ಟು ತ್ರಾಣ ಯಾರಲ್ಲಿ ಉಳಿದಿರುತ್ತದೆ?

ಇನ್ನೊಂದು ತೊಡಕು ಕೋಣೆಯ ಒಳಗಿನದೇ. ಪದವಿ ಮುಗಿಸಿ ಕೆಲಸಕ್ಕಾಗಿ ಕಾದಿರುವ ತರುಣರಿಗೆ ಈ ಗ್ರಂಥಾಲಯವೇ ಆಸರೆ. ಪೊಲೀಸ ಪೇದೆಯ ಪರೀಕ್ಷೆ, ಶಿಕ್ಷಕರ ಪರೀಕ್ಷೆ, ಪ್ರಥಮ ದರ್ಜೆ ಸಹಾಯಕರ ಪರೀಕ್ಷೆ: ಇವುಗಳ ಪುಸ್ತಕಗಳ ಬೆಲೆ ನೂರಾರು ರೂಪಾಯಿ, ಮನೆಯಲ್ಲಿ ಕೂತು ಓದಲು ಜಾಗವಿಲ್ಲ. ಅವರಿಗೆ ಬೇಕಾದುದು ಮೌನ. ಮಕ್ಕಳಿಗೆ ಬೇಕಾದುದು ಗದ್ದಲ. ಕೋಣೆ ಒಂದೇ. ಜಾಣ ಮೇಲ್ವಿಚಾರಕರು ಹೊತ್ತು ಹಂಚಿ ಕೊಡುತ್ತಾರೆ. ಬೆಳಗಿನ ಹೊತ್ತು ಪರೀಕ್ಷೆಯವರಿಗೆ, ಸಂಜೆ ಮಕ್ಕಳಿಗೆ. ಆದರೂ ಜಗಳ ತಪ್ಪಿದ್ದಲ್ಲ. ನೌಕರಿಯ ಪ್ರಶ್ನೆ ಎದುರಿರುವಾಗ ಕಥೆ ಕೇಳುವುದು ಹಗುರವಾಗಿ ಕಾಣುವುದು ಸಹಜ. ಹೀಗೆ ತೂಗಿದಾಗ ತಕ್ಕಡಿ ಯಾವಾಗಲೂ ಒಂದೇ ಕಡೆ ವಾಲುತ್ತದೆ, ಪರೀಕ್ಷೆಯೇ ಇಲ್ಲದವರು ಹೊರಗುಳಿಯುತ್ತಾರೆ. ಶಾಲೆ ಬಿಟ್ಟ ಹುಡುಗಿ, ಟ್ರ್ಯಾಕ್ಟರ್ ಹೊಡೆಯುವ ಹುಡುಗ, ಸಂಘದ ಲೆಕ್ಕ ಬರೆಯುವ ಹೆಂಗಸು ಯಾವ ಪರೀಕ್ಷೆಗೂ ಕೂಡುವವರಲ್ಲ. ಗ್ರಂಥಾಲಯ ಅವರದೂ ಹೌದೇ ಅಲ್ಲವೇ ಎಂಬುದು ಈಗ ತೀರ್ಮಾನವಾಗುತ್ತಿರುವ ಪ್ರಶ್ನೆ. ತೀರ್ಮಾನವಾಗುತ್ತಿರುವುದು ಸಚಿವಾಲಯದಲ್ಲಲ್ಲ, ಆ ಒಂದು ಕೋಣೆಯ ಜಮಖಾನೆಯ ಮೇಲೆ.

ಈ ಎಲ್ಲ ಭಾರ ಬೀಳುವುದು ಮೇಲ್ವಿಚಾರಕನೆಂಬ ಒಬ್ಬನ ಹೆಗಲಿಗೆ. ಕೋಣೆ ಗುಡಿಸುವುದು, ಪೇಪರು ಜೋಡಿಸುವುದು, ಪುಸ್ತಕದ ಲೆಕ್ಕ, ಹಾಜರಿಯ ಲೆಕ್ಕ, ಕಾರ್ಯಕ್ರಮದ ಫೋಟೋ ತೆಗೆದು ಮೇಲಕ್ಕೆ ಕಳಿಸುವುದು, ಎಲ್ಲವೂ ಆತನದೇ ಅಥವಾ ಆಕೆಯದೇ. ಬಹುಕಾಲ ಇವರು ದಿನಕ್ಕೆ ಕೆಲವು ತಾಸುಗಳ ಕೆಲಸವೆಂಬ ಹೆಸರಿನಲ್ಲಿ ಅಲ್ಪ ಗೌರವಧನದ ಮೇಲೆ ದುಡಿದವರು. ವೇತನಕ್ಕಾಗಿ ಮತ್ತೆ ಮತ್ತೆ ಮೊರೆಯಿಟ್ಟವರು. ಗೌರವಧನವೆಂಬ ಮಾತಿನಲ್ಲಿ ಗೌರವ ಎಷ್ಟು, ಧನ ಎಷ್ಟು ಎಂಬುದನ್ನು ಕೇಳದಿರುವುದೇ ಲೇಸು. ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ 1058ರ ಒಂದು ಶಾಸನವಿದೆ. ಅಲ್ಲಿದ್ದ ಘಟಿಕಾಸ್ಥಾನದ ಉಪಾಧ್ಯಾಯರೊಡನೆ ಆರು ಮಂದಿ 'ಸರಸ್ವತೀ ಭಂಡಾರಿಗ'ರನ್ನೂ ಅದು ಎಣಿಸುತ್ತದೆ. ಅವರ ಜೀವನಕ್ಕೂ ಏರ್ಪಾಡು ಮಾಡುತ್ತದೆ. ಚಾಳುಕ್ಯರ ಕಾಲದವರು ಗ್ರಂಥಪಾಲಕನನ್ನು ಉಪಾಧ್ಯಾಯನ ಪಂಕ್ತಿಯಲ್ಲಿ ಕೂಡಿಸಿದ್ದರು.

ಪುಸ್ತಕಗಳ ಕೊರತೆಯನ್ನು ತುಂಬಲು ಅನೇಕ ಪಂಚಾಯಿತಿಗಳಲ್ಲಿ 'ಪುಸ್ತಕ ಜೋಳಿಗೆ' ಹಿಡಿದು ಮನೆಮನೆಗೆ ಹೋದರು. ಈ ಸೀಮೆಯವರಿಗೆ ಜೋಳಿಗೆಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಅನ್ನದ ಜೋಳಿಗೆಯಿಂದ ಮಠಗಳು ಬೆಳೆದ ನಾಡಿದು. ಇಳಕಲ್ಲಿನ ಮಹಾಂತ ಸ್ವಾಮಿಗಳು ದುಶ್ಚಟಗಳನ್ನೇ ಜೋಳಿಗೆಗೆ ಹಾಕಿಸಿಕೊಂಡದ್ದೂ ಉಂಟು. ಪುಸ್ತಕದ ಜೋಳಿಗೆಗೆ ಬೀಳುವುದರಲ್ಲಿ ಹಳೆಯ ಪಠ್ಯಪುಸ್ತಕ, ಪರೀಕ್ಷೆಯ ಗೈಡುಗಳು ಹೆಚ್ಚಾಗಿರುತ್ತವೆಯೆಂಬ ಗೊಣಗು ಕೇಳಿಬರುತ್ತದೆ. ದಾನದ ಹಸುವಿನ ಹಲ್ಲು ಎಣಿಸಬಾರದಾದರೂ, ಅದು ಹಾಲು ಕೊಡುವುದೇ ಎಂದು ನೋಡುವುದರಲ್ಲಿ ತಪ್ಪಿಲ್ಲ. ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರುಗಳಲ್ಲಿ ನೆಲೆಸಿದ ಈ ತಾಲೂಕುಗಳ ಮಕ್ಕಳು ಜಾತ್ರೆಗೋ ಮದುವೆಗೋ ಊರಿಗೆ ಹೋಗುವಾಗ ತಾವು ಓದಿ ಮೆಚ್ಚಿದ ನಾಲ್ಕು ಕಥೆಯ ಪುಸ್ತಕಗಳನ್ನು ಒಯ್ದು ಕೊಟ್ಟರೆ, ಅವು ಕಪಾಟಿನಲ್ಲಿ ಕೊಳೆಯಲಾರವು. ಕೊಟ್ಟ ಮೇಲೆ ಅರ್ಧ ತಾಸು ಕೂತು ಅದರೊಳಗಿನ ಒಂದು ಕಥೆಯನ್ನು ಗಟ್ಟಿಯಾಗಿ ಓದಿದರೆ ಇನ್ನೂ ಮೇಲು.

ಗಟ್ಟಿ ಓದು ಯಾವಾಗಲೂ ಕಥೆ ಮುಗಿದಾಗಲೇ ನಿಲ್ಲುತ್ತದೆಂದಿಲ್ಲ. ಕರೆಂಟು ಹೋಗುತ್ತದೆ, ಇಲ್ಲವೆ ಎಮ್ಮೆ ಹಿಂಡುವ ಹೊತ್ತಾಗುತ್ತದೆ, ಇಲ್ಲವೆ ಮೇಲ್ವಿಚಾರಕರೇ ಗಡಿಯಾರ ನೋಡಿ ಪುಟದ ನಡುವೆ ಬಟ್ಟೆಯ ಚೂರಿಟ್ಟು ಪುಸ್ತಕ ಮುಚ್ಚುತ್ತಾರೆ. ಮಕ್ಕಳು ಗದ್ದಲ ಮಾಡುತ್ತ ಏಳುತ್ತಾರೆ. ಮಗಳನ್ನು ಕರೆದೊಯ್ಯುವ ನೆವದಿಂದ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ ತಾಯಂದಿರು ಮಾತ್ರ ಕೂಡಲೇ ಕದಲುವುದಿಲ್ಲ. "ಅಲ್ರೀ ಸರ, ಆ ಹುಡುಗ ಹೊಳಿ ದಾಟಿದನೋ ಇಲ್ಲೋ?" ಎಂದು ಒಬ್ಬಳು ಕೇಳುತ್ತಾಳೆ. "ಬರೂ ಶನಿವಾರ ಬರ್ರೆವಾ, ಗೊತ್ತಾಕ್ಕತಿ," ಎಂದು ಅವರು ಬೀಗದ ಕೈ ಹುಡುಕತೊಡಗುತ್ತಾರೆ.